ವೇಲ್ಸ್‌ನ ಸಾಮಾನ್ಯ ನಾವಿಕರು ಹಡಗಿನ ಅಧಿಕಾರಿಗಳಾಗುತ್ತಿದ್ದುದು ಹೇಗೆ?

ವರ್ಷಗಟ್ಟಲೆ ಸಮುದ್ರದಲ್ಲಿ ದುಡಿದು, ಆಮೇಲೆ ಸರ್ಕಾರಿ ಪರೀಕ್ಷೆ ಪಾಸು ಮಾಡಿ. 1850ರ ಬ್ರಿಟಿಷ್ ಕಾಯ್ದೆ ವಿದೇಶಕ್ಕೆ ಹೋಗುವ ವಾಣಿಜ್ಯ ಹಡಗುಗಳ ಕ್ಯಾಪ್ಟನ್‌ಗಳಿಗೂ ಅವರ ಕೈಕೆಳಗಿನ ಅಧಿಕಾರಿಗಳಾದ ಮೇಟ್‌ಗಳಿಗೂ ಅರ್ಹತಾ ಪತ್ರವನ್ನು ಕಡ್ಡಾಯ ಮಾಡಿತು.

ಪರೀಕ್ಷೆಗೆ ಕೂರಲು ಬೇಕಾಗಿದ್ದುದು ಮನೆತನವಲ್ಲ, ಕಾಲೇಜೂ ಅಲ್ಲ, ಸಮುದ್ರದ ಅನುಭವ. ಸೆಕೆಂಡ್ ಮೇಟ್‌ಗೆ 17 ವರ್ಷ ವಯಸ್ಸು, 4 ವರ್ಷ ಸೇವೆ. ಕ್ಯಾಪ್ಟನ್ ಪದವಿಗೆ 21 ವರ್ಷ ವಯಸ್ಸು, 6 ವರ್ಷ ಸೇವೆ. ಪೋರ್ತ್‌ಮಾಡೊಗ್‌ನಿಂದ ಸ್ಲೇಟು ಕಲ್ಲು ಸಾಗಿಸುವ ಹಡಗಿನಲ್ಲಿ ಅಡುಗೆ ಮಾಡಿಕೊಂಡು ಸೇರಿದ ಹುಡುಗನಿಗೂ ಈ ದಾರಿ ತೆರೆದೇ ಇತ್ತು.

ಕಷ್ಟವಿದ್ದುದು ಲೆಕ್ಕದಲ್ಲಿ. ಸೆಕ್ಸ್‌ಟಂಟ್ ಎಂಬ ಕೋನ ಅಳೆಯುವ ಉಪಕರಣ ಹಿಡಿದು ನಡುಹಗಲಿನ ಸೂರ್ಯನ ಎತ್ತರ ಅಳೆದು ಅಕ್ಷಾಂಶ ಹೇಳಬೇಕು. ಅದೂ ಇಂಗ್ಲಿಷಿನಲ್ಲಿ, ಮನೆಮಾತು ವೆಲ್ಷ್ ಆಗಿರುವಾಗ! ಅದಕ್ಕೇ ಬಂದರು ಊರುಗಳಲ್ಲಿ ನೌಕಾಯಾನ ಶಾಲೆಗಳು ಹುಟ್ಟಿಕೊಂಡವು. ಕಾರ್ನಾರ್ವನ್‌ನಲ್ಲಿ ಎಲೆನ್ ಎಡ್ವರ್ಡ್ಸ್ ದಶಕಗಳ ಕಾಲ ನಾವಿಕರಿಗೆ ಈ ಗಣಿತ ಕಲಿಸಿದರು. ಕ್ಯಾಪ್ಟನ್‌ಗಳ ಹೆಸರಿಗಿಂತ ಇಂಥ ಗುರುಗಳ ಹೆಸರೇ ಮೊದಲು ನೆನಪಾಗಬೇಕು ಎಂಬುದು ನನ್ನ ಅಭಿಪ್ರಾಯ. ಓದು ಮುಗಿಸಿದ ಉತ್ತರ ವೇಲ್ಸ್‌ನ ಹಲವರು ಪರೀಕ್ಷೆಗೆ ಲಿವರ್‌ಪೂಲ್‌ಗೆ ಹೋಗುತ್ತಿದ್ದರು.