ಹತ್ತು ದಿನದ ರಜೆಗೆ ಜಾಂಬೆಜಿ ದಂಡೆಯೇ ಸಾಕು

ಸೆಪ್ಟೆಂಬರಿನಲ್ಲಿ ಹತ್ತು ದಿನ ರಜೆಯಿದೆ, ಆಫ್ರಿಕಾದಲ್ಲಿ ಕಾಡುಪ್ರಾಣಿಗಳನ್ನೂ ನೋಡಬೇಕು, ಬಂಜಿ, ರಾಫ್ಟಿಂಗ್‌ನಂಥ ಸಾಹಸಗಳನ್ನೂ ಮಾಡಬೇಕು, ಕೀನ್ಯಾ ಮತ್ತು ದಕ್ಷಿಣ ಆಫ್ರಿಕಾ ಎರಡನ್ನೂ ಸುತ್ತಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನೈರೋಬಿಯಿಂದ ಜೊಹಾನ್ಸ್‌ಬರ್ಗ್‌ಗೆ ವಿಮಾನದಲ್ಲೇ ನಾಲ್ಕು ಗಂಟೆ. ಅರ್ಧ ರಜೆ ನಿಲ್ದಾಣಗಳಲ್ಲಿ ಕರಗಿಹೋಗುತ್ತದೆ. ನಾನು ಮತ್ತು ನನ್ನ ತಮ್ಮ ಎರಡು ವರ್ಷದ ಹಿಂದೆ ಅದೇ ತಿಂಗಳಲ್ಲಿ ಜಾಂಬೆಜಿ ನದಿಯ ವಿಕ್ಟೋರಿಯಾ ಜಲಪಾತದ ಬಳಿ, ಜಾಂಬಿಯಾದ ಲಿವಿಂಗ್‌ಸ್ಟನ್ ಊರಿನಲ್ಲಿ ಬೀಡುಬಿಟ್ಟೆವು. ನೀವು ಕೇಳುತ್ತಿರುವುದೆಲ್ಲ ಅಲ್ಲಿಂದ ನೂರು ಕಿಲೋಮೀಟರಿನೊಳಗೆ ಸಿಗುತ್ತದೆ.

ಬಂಜಿ ಇರುವುದು 1905ರಲ್ಲಿ ಕಟ್ಟಿದ ರೈಲು ಸೇತುವೆಯ ಮೇಲೆ. ಸೇತುವೆಯ ಒಂದು ತುದಿ ಜಾಂಬಿಯಾ, ಇನ್ನೊಂದು ತುದಿ ಜಿಂಬಾಬ್ವೆ. ಕೆಳಗೆ 111 ಮೀಟರ್ ಜಿಗಿತ. ಮೊದಲು ತೂಕ ನೋಡಿ ಮುಂಗೈ ಮೇಲೆ ಬರೆಯುತ್ತಾರೆ, ಅದಕ್ಕೆ ತಕ್ಕ ಹಗ್ಗ ಆರಿಸುತ್ತಾರೆ. ಕಣಕಾಲಿಗೆ ಟವೆಲ್ ಸುತ್ತಿ ಪಟ್ಟಿ ಬಿಗಿದ ಮೇಲೆ ನಡೆಯಲಾಗದೆ ಕುಪ್ಪಳಿಸುತ್ತಲೇ ಅಂಚಿಗೆ ಹೋಗಬೇಕು. ಬೀಳುವಾಗ ನನಗೆ ಭಯವಾಗಲಿಲ್ಲ, ಭಯವಾದದ್ದು ಆಮೇಲೆ. ಹಗ್ಗದ ತೂಗಾಟ ನಿಂತು ತಲೆಕೆಳಗಾಗಿ ನೇತಾಡುತ್ತಿದ್ದಾಗ ರಕ್ತವೆಲ್ಲ ಮುಖಕ್ಕೆ ನುಗ್ಗಿತ್ತು, ಕಿವಿಯ ತುಂಬ ಹೊಳೆಯ ಸದ್ದು. ಮೇಲಿನಿಂದ ಒಬ್ಬ ಇಳಿದು ಬಂದು ಕೊಕ್ಕೆ ಸಿಕ್ಕಿಸಿ, ಹೆಗಲು ತಟ್ಟಿದಾಗಲೇ ಉಸಿರು ಹದಕ್ಕೆ ಬಂದದ್ದು. ರಕ್ತದೊತ್ತಡ, ಬೆನ್ನುನೋವು ಅಥವಾ ಕಣ್ಣಿನ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಹಾರಬೇಡಿ.

ರಾಫ್ಟಿಂಗ್‌ಗೆ ಸೆಪ್ಟೆಂಬರ್ ಒಳ್ಳೆಯ ತಿಂಗಳು. ನೀರು ಇಳಿದಿರುತ್ತದೆ, ಆದ್ದರಿಂದ ಜಲಪಾತದ ಕೆಳಗಿನ ಬಟೋಕಾ ಕಮರಿಯಲ್ಲಿ ಹೊಳೆ ಬಂಡೆಗಳ ನಡುವೆ ಧುಮುಕುವ ಜಾಗಗಳು ತೀರ ಒರಟಾಗಿರುತ್ತವೆ. ಆ ಜಾಗಗಳಿಗೆ ಸಾಲಾಗಿ ಸಂಖ್ಯೆ ಕೊಟ್ಟಿದ್ದಾರೆ; ಒಂಬತ್ತನೆಯದನ್ನು ಯಾರೂ ಪ್ರವಾಸಿಗರನ್ನು ಕೂರಿಸಿಕೊಂಡು ದಾಟುವುದಿಲ್ಲ, ಬಂಡೆಗಳ ಮೇಲೆ ನಡೆದೇ ಮುಂದಕ್ಕೆ ಹೋಗಬೇಕು. ಅದಕ್ಕೂ ಮುಂಚೆಯೇ ನಮ್ಮ ತೆಪ್ಪ ಮಗುಚಿತು. ನೀರಿನೊಳಗೆ ಮೇಲು ಯಾವುದು, ಕೆಳಗು ಯಾವುದು ತಿಳಿಯಲಿಲ್ಲ. ಲೈಫ್ ಜಾಕೆಟ್ ತಾನಾಗಿ ಮೇಲೆತ್ತಿತು, ಮಾರ್ಗದರ್ಶಕ ಅದರ ಭುಜದ ಪಟ್ಟಿ ಹಿಡಿದು ಎಳೆದುಕೊಂಡ. ಆದರೆ ದಿನದ ನಿಜವಾದ ಕಷ್ಟ ಕೊನೆಯಲ್ಲಿದೆ: ಸುಡುಬಿಸಿಲಿನಲ್ಲಿ ಕಮರಿಯ ಗೋಡೆ ಹತ್ತಿ ಹೊರಬರಬೇಕು. ಈಗಿನಿಂದಲೇ ದಿನವೂ ಮೆಟ್ಟಿಲು ಹತ್ತಿ ಅಭ್ಯಾಸ ಮಾಡಿಕೊಳ್ಳಿ.

ಜಲಪಾತವನ್ನು ಜಿಂಬಾಬ್ವೆ ಕಡೆಯಿಂದ ನೋಡಿ. ಆ ಹೊತ್ತಿಗೆ ಜಾಂಬಿಯಾ ಕಡೆ ನೀರು ಬಹಳ ತೆಳುವಾಗಿರುತ್ತದೆ.

ಸಾಹಸಗಳನ್ನು ಮೊದಲ ನಾಲ್ಕು ದಿನಗಳಲ್ಲೇ ಮುಗಿಸಿ ಬೋಟ್ಸ್ವಾನಾದ ಚೋಬೆ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. 2021ರಲ್ಲಿ ಕಜುಂಗುಲಾ ಸೇತುವೆ ತೆರೆದ ಮೇಲೆ ಜಾಂಬಿಯಾದಿಂದ ಹೊಳೆ ದಾಟುವುದು ಸಲೀಸಾಗಿದೆ. ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಆನೆಗಳು ಬಂದು ಸೇರುವ ಹಾಗೆಯೇ ಇಲ್ಲಿಯೂ, ಒಳಕಾಡಿನ ಹೊಂಡಗಳು ಬತ್ತಿದಾಗ ಹಿಂಡುಹಿಂಡಾಗಿ ಚೋಬೆ ನದಿಗೆ ಇಳಿಯುತ್ತವೆ. ಜೀಪಿಗಿಂತ ಸಂಜೆಯ ದೋಣಿಯೇ ಮೇಲು. ಒಂದು ಹಿಂಡು ನದಿಯ ನಡುವಿನ ಸೆಡುಡು ದ್ವೀಪಕ್ಕೆ ಈಜಿ ಹೋಗುವುದನ್ನು ನಾವು ನೋಡಿದೆವು. ನಡುವೆ ಒಂದು ಮರಿ ಪೂರ್ತಿ ಮುಳುಗಿತ್ತು, ಕಾಣುತ್ತಿದ್ದದ್ದು ಸೊಂಡಿಲಿನ ತುದಿ ಮಾತ್ರ. ಎರಡು ಬದಿಯಲ್ಲೂ ದೊಡ್ಡ ಹೆಣ್ಣಾನೆಗಳು ಅದಕ್ಕೆ ಮೈ ಒತ್ತಿಕೊಂಡೇ ಈಜಿದವು. ದಡ ಹತ್ತಿದ ಆನೆಗಳ ಮೈ ನೀರಿನ ಗೆರೆಯವರೆಗೆ ಕಡುಕಪ್ಪು, ಅದರ ಮೇಲೆ ಧೂಳಿನ ಬೂದುಬಣ್ಣ. ದೋಣಿಯಲ್ಲಿ ಯಾರೂ ಪಿಟಕ್ಕೆನ್ನಲಿಲ್ಲ. ಬಂಜಿಗಿಂತ ಹೆಚ್ಚು ನೆನಪಾಗುವುದು ನನಗೆ ಆ ಸಂಜೆಯೇ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಸಿಂಹದ ಮರಿ ಮುದ್ದಾಡುವುದು, ಸಿಂಹದ ಜೊತೆ ನಡೆಯುವುದು, ಆನೆ ಸವಾರಿ ಎಂದು ಯಾರಾದರೂ ಟಿಕೆಟ್ ಮಾರಲು ಬಂದರೆ ಕೊಳ್ಳಬೇಡಿ. ಪ್ರವಾಸಿಗರ ಕೈಗೆ ಒಗ್ಗಿಸಿ ಬೆಳೆಸಿದ ಸಿಂಹ ಮತ್ತೆ ಕಾಡಿಗೆ ಹೋಗಿ ಬದುಕಲಾರದು.

ಇನ್ನು ಸಿದ್ಧತೆ. ಜಾಂಬಿಯಾ, ಜಿಂಬಾಬ್ವೆ ಎರಡಕ್ಕೂ ಸೇರಿ ಕಾಜಾ ಎಂಬ ಒಂದೇ ವೀಸಾ ಇದೆ, ಚೋಬೆಗೆ ಹಗಲು ಹೋಗಿ ಬರುವುದಕ್ಕೂ ಅದು ನಡೆಯುತ್ತದೆ. ರಾತ್ರಿ ಉಳಿಯುವುದಾದರೆ ಬೋಟ್ಸ್ವಾನಾ ವೀಸಾ ಬೇರೆ ಬೇಕು. ನಿಯಮ ಬದಲಾಗುವುದರಿಂದ ಟಿಕೆಟ್‌ಗೆ ಮೊದಲು ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗುವುದಾದರೆ ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ, ಮರಳಿ ಬರುವಾಗ ನಮ್ಮ ನಿಲ್ದಾಣದಲ್ಲೇ ಪ್ರಮಾಣಪತ್ರ ಕೇಳಬಹುದು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಬಂಜಿ, ರಾಫ್ಟಿಂಗ್ ಎಂಬ ಹೆಸರುಗಳು ವಿಮೆಯ ಕಾಗದದಲ್ಲಿ ಬರೆದಿವೆಯೇ ಎಂದು ಓದಿ ನೋಡಿ, ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹಲವು ಇವನ್ನು ಹೊರಗಿಡುತ್ತವೆ. ಡಾಲರ್ ನೋಟುಗಳು ಹೊಸದಾಗಿರಲಿ, ಹರಿದ, ಮಾಸಿದ ನೋಟನ್ನು ಹಲವರು ಮುಟ್ಟುವುದಿಲ್ಲ.

ಸಸ್ಯಾಹಾರಿಗಳಾದರೂ ಹೆದರಬೇಡಿ. ಮೆಕ್ಕೆಜೋಳದ ಹಿಟ್ಟಿನ ನ್ಶಿಮಾ ಎಂಬುದು ನಮ್ಮ ಮುದ್ದೆಯ ಅಣ್ಣನಂತಿದೆ, ಜೊತೆಗೆ ಬೇಯಿಸಿದ ಸೊಪ್ಪು, ಬೀನ್ಸ್ ಕಾಳು ಕೊಡುತ್ತಾರೆ. ಲಿವಿಂಗ್‌ಸ್ಟನ್ ಮಾರುಕಟ್ಟೆಯ ಪಕ್ಕದ ಸಣ್ಣ ಹೋಟೆಲಿನಲ್ಲಿ ನನ್ನ ತಮ್ಮ ಅದನ್ನು ಮುರಿದು, ಬೆರಳಲ್ಲಿ ಉಂಡೆ ಕಟ್ಟಿ, ಸೊಪ್ಪಿಗೆ ಅದ್ದಿದ. ಬಡಿಸುತ್ತಿದ್ದ ಹೆಂಗಸು ಒಂದು ಕ್ಷಣ ನಿಂತು ನೋಡಿದರು, ಆಮೇಲೆ ಕೇಳದೆಯೇ ಇನ್ನೊಂದು ಮುದ್ದೆ ತಂದು ತಟ್ಟೆಗೆ ಹಾಕಿದರು.