ನೋವಿನ ಮಾತ್ರೆ ಬೇಡ, ದಾರಿ ಪಕ್ಕದ ಸೀಟು ಹಿಡಿಯಿರಿ

ಪ್ರಶ್ನೆ: ನನಗೆ 61 ವರ್ಷ. ಊರು ದಾವಣಗೆರೆ. ಬಿಪಿ ಇದೆ, ಮಾತ್ರೆ ತಗೊಳ್ತೀನಿ. ಮಗಳ ಎರಡನೇ ಬಾಣಂತನಕ್ಕೆ ಮುಂದಿನ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇನೆ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ಒಂದು ವಿಮಾನ, ಅಲ್ಲಿಂದ ಇನ್ನೊಂದು. ಮೂರು ವರ್ಷದ ಹಿಂದೆ ಹೀಗೇ ಹೋದಾಗ ಪಾದ ಊದಿ ಚಪ್ಪಲಿಗೆ ಹಿಡಿಸಲಿಲ್ಲ. ಸೊಂಟ ಹಿಡಿದು ನಾಲ್ಕು ದಿನ ಮಲಗಿದೆ. ಬಾಣಂತನ ಮಾಡೋಕೆ ಹೋದವಳು ತುಂಬು ಬಸುರಿ ಕೈಲಿ ಸೇವೆ ಮಾಡಿಸಿಕೊಂಡೆ. ಈ ಸಲ ಮೊದಲೇ ನೋವಿನ ಮಾತ್ರೆ ನುಂಗಿ ಹತ್ತಬಹುದಾ?

ಉತ್ತರ: ಬೇಡ ಅಮ್ಮ. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಗಳಲ್ಲಿ ಹಲವು ಬಿಪಿ ಏರಿಸುತ್ತವೆ. ಮೈಯಲ್ಲಿ ನೀರು ಉಳಿಸಿ ಊತವನ್ನೇ ಜಾಸ್ತಿ ಮಾಡುವುದೂ ಉಂಟು.

ಒಂದು ಮಾತು ಕೇಳ್ತೀನಿ. ಹೋದ ಸಲ ಸೀಟಿನಿಂದ ಎಷ್ಟು ಸಲ ಎದ್ದಿರಿ? ನನ್ನ ಹತ್ತಿರ ಬರುವ ಅಮ್ಮಂದಿರನ್ನು ಹೀಗೆ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: 'ಪಕ್ಕದವರು ಮಲಗಿದ್ದರು, ಎಬ್ಬಿಸೋದು ಹೇಗೆ ಅಂತ ಸುಮ್ನೆ ಕೂತೆ.' ಮತ್ತೆ ಮತ್ತೆ ಬಾತ್‌ರೂಮಿಗೆ ಹೋಗಬೇಕಾದೀತು ಅಂತ ನೀರನ್ನೂ ಮುಟ್ಟಿರುವುದಿಲ್ಲ. ನಿಮ್ಮ ಸೊಂಟ ಹಿಡಿಸಿದ್ದು ಅರ್ಧ ಸೀಟು, ಇನ್ನರ್ಧ ಈ ಸಂಕೋಚ ಅಂತ ನನ್ನ ಅನುಮಾನ.

ಕಾಲಿಗಿಳಿದ ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸ ಮೀನಖಂಡದ್ದು. ನಡೆದಾಗಲೆಲ್ಲ ಅದು ರಕ್ತನಾಳವನ್ನು ಹಿಂಡುತ್ತದೆ. ಕೂತೇ ಇದ್ದರೆ ಪಂಪು ಬಂದ್. ನಿಮ್ಮ ಮೊದಲ ಹಾರಾಟವೇ ಸುಮಾರು 10 ಗಂಟೆ, ಎರಡನೆಯದು ಅದಕ್ಕಿಂತ ಉದ್ದ. ನಾಲ್ಕು ಗಂಟೆ ದಾಟಿದ ಕೂರಾಟದಲ್ಲಿ ಕಾಲಿನ ನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರುತ್ತದೆ. ಎಲ್ಲರಿಗೂ ಆಗುವಂಥದ್ದಲ್ಲ, ಗಾಬರಿ ಬೇಡ. ಆದರೆ ಹಿಂದೆ ಯಾವಾಗಲಾದರೂ ಹೀಗೆ ಹೆಪ್ಪುಗಟ್ಟಿದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ, ಕ್ಯಾನ್ಸರ್ ಇದ್ದರೆ ಡಾಕ್ಟರನ್ನು ಕೇಳದೆ ಹತ್ತಬೇಡಿ.

ಅದಕ್ಕೇ ಇವತ್ತೇ ಮಗಳಿಗೆ ಫೋನ್ ಮಾಡಿ ಎರಡೂ ವಿಮಾನದಲ್ಲಿ ದಾರಿ ಪಕ್ಕದ ಸೀಟು ಹಿಡಿಸಿ. ಎಚ್ಚರ ಇದ್ದಾಗ ಗಂಟೆ ಒಂದೂವರೆ ಗಂಟೆಗೊಮ್ಮೆ ಎದ್ದು ಹಿಂದಿನ ಬಾತ್‌ರೂಮಿನವರೆಗೆ ಹೋಗಿ ಬನ್ನಿ. ಅಲ್ಲಿ ನಿಂತು ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ. ಸೀಟಿನಲ್ಲೂ ಹೊಲಿಗೆ ಮಿಷನ್ ತುಳಿದ ಹಾಗೆ ಪಾದ ಆಡಿಸುತ್ತಿರಿ. ನಿದ್ದೆ ಮಾತ್ರೆ ಮಾತ್ರ ಬೇಡವೇ ಬೇಡ, ಅದು ನುಂಗಿದವರು ಕತ್ತು ವಾಲಿಸಿಕೊಂಡು ಮರದ ಕೊರಡಿನ ಹಾಗೆ ಬಿದ್ದಿರುತ್ತಾರೆ.

ಎತ್ತರ ಬರೆದಿಲ್ಲ ನೀವು. ಐದಡಿ ಆಸುಪಾಸಿನವರಾದರೆ ಇನ್ನೊಂದು ತೊಂದರೆ. ಪಾದ ನೆಲಕ್ಕೆ ಸರಿಯಾಗಿ ಊರುವುದಿಲ್ಲ, ಸೀಟಿನ ಅಂಚು ತೊಡೆಯ ಹಿಂಭಾಗ ಒತ್ತುತ್ತದೆ, ಜೋಮು ಹಿಡಿಯುತ್ತದೆ. ಮುಂದಿನ ಸೀಟಿನ ಕೆಳಗಿಟ್ಟ ಚಿಕ್ಕ ಬ್ಯಾಗಿನ ಮೇಲೆ ಪಾದ ಇಡಿ. ವಿಮಾನದಲ್ಲಿ ಕೊಡುವ ಕಂಬಳಿ ಸುತ್ತಿ ಸೊಂಟದ ಕುಳಿಗೆ ಒತ್ತಿಕೊಳ್ಳಿ. ಚಪ್ಪಲಿ ಬದಲು ಲೇಸಿರುವ ಬೂಟು ಹಾಕಿ, ಊದಿದರೆ ಸಡಿಲಿಸಬಹುದು. ಮಂಡಿವರೆಗಿನ ಬಿಗಿ ಕಾಲುಚೀಲ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಊತಕ್ಕೆ ಒಳ್ಳೆಯದೇ, ಆದರೆ ಅಳತೆ ಕೊಟ್ಟು ತಗೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು, ಕಾಲಿಗೆ ರಕ್ತ ಸರಿಯಾಗಿ ಇಳಿಯದವರು ತಾವಾಗಿ ಹಾಕಬಾರದು.

ಹಾಂ, ನಿಮ್ಮ ಬಿಪಿ ಮಾತ್ರೆ ಯಾವುದು? ಅಮ್ಲೋಡಿಪಿನ್ ಆದರೆ ಅದರಿಂದಲೇ ಕೆಲವರಿಗೆ ಪಾದ ಊದುತ್ತದೆ. ನೀವಾಗಿ ನಿಲ್ಲಿಸಬೇಡಿ, ಹೊರಡುವ ಮುಂಚೆ ಡಾಕ್ಟರಿಗೆ ಹೇಳಿ. ಮಾತ್ರೆ ಕೈಚೀಲದಲ್ಲೇ ಇರಲಿ.

ಆ ಇನ್ನೊಂದು ಬ್ಯಾಗ್ ಇದೆಯಲ್ಲ, ಮೇಲೆ ಎತ್ತಿಡುವುದು! ಅಂಟಿನುಂಡೆ, ಖಾರದ ಪುಡಿ ಅಂತ 7 ಕೆ.ಜಿ. ತುಂಬಿ, ಇಕ್ಕಟ್ಟಿನಲ್ಲಿ ಸೊಂಟ ತಿರುಗಿಸಿ ತಲೆ ಮೇಲಕ್ಕೆ ಎತ್ತುತ್ತೀರಿ. ಉಳುಕೋದು ಅಲ್ಲೇ, ಗೊತ್ತಾಗೋದು ಮಾರನೇ ದಿನ. ಭಾರದ್ದನ್ನೆಲ್ಲ ದೊಡ್ಡ ಪೆಟ್ಟಿಗೆಗೆ ಹಾಕಿ. ಉಳಿದದ್ದನ್ನು ಎತ್ತಲು ಯಾರನ್ನಾದರೂ ಕರೆಯಿರಿ.

ಭಾಷೆಯ ಭಯಕ್ಕೆ, ತಳ್ಳುವವರು ಗೇಟಿಗೇ ಮುಟ್ಟಿಸಲಿ ಅಂತ ವೀಲ್‌ಚೇರ್ ಬುಕ್ ಮಾಡುವ ಅಭ್ಯಾಸ ಹಲವರಿಗೆ ಇದೆ. ತಪ್ಪು ಅನ್ನಲಾರೆ, ಫ್ರಾಂಕ್‌ಫರ್ಟ್‌ನಲ್ಲಿ ಗೇಟು ಹುಡುಕುವುದು ಸುಲಭವಲ್ಲ. ಆದರೆ ಗೇಟು ತಲುಪಿದ ಮೇಲೆ ಎದ್ದು ಅಲ್ಲೇ ನಾಲ್ಕು ಸುತ್ತು ನಡೆಯಿರಿ.

ವಿಮಾನ ಮೇಲಿರುವಾಗ ಒಳಗಿನ ಗಾಳಿಯ ಒತ್ತಡ 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದಲ್ಲಿದ್ದಷ್ಟೇ. ಹೊಟ್ಟೆಯ ವಾಯು ಹಿಗ್ಗುತ್ತದೆ. ಹೊರಡುವ ದಿನ ಹೆಸರುಕಾಳು, ಕಡಲೆ, ಮಂಡಕ್ಕಿ-ಮೆಣಸಿನಕಾಯಿ ಬೇಡ. ಗಾಳಿ ಒಣಗಿರುವುದರಿಂದ ನೀರು ಆಗಾಗ ಗುಟುಕರಿಸಿ. ಇಳಿಯುವಾಗ ಕಿವಿ ನೋಯದಂತೆ ಪೆಪ್ಪರಮೆಂಟು ಚೀಪಿ.

ಎರಡೂ ಪಾದ ಒಂದೇ ಸಮ ಊದಿದ್ದರೆ ಕಾಲೆತ್ತಿ ಮಲಗಿ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿಸಿ. ತಲುಪಿ ಎರಡು ಮೂರು ವಾರ ಆದ ಮೇಲೂ ಹೀಗಾಗಬಹುದು. ಬಾಣಂತಿ ಮಗಳಿಗೆ ಯಾಕೆ ತೊಂದರೆ ಅಂತ ಆಗ ಮುಚ್ಚಿಟ್ಟುಕೊಂಡು ಕೂರಬೇಡಿ.