ಸ್ಕೂಬಿ ಪುಸ್ತಕ ರದ್ದಿಗಲ್ಲ, ಸ್ವಾಮಿ

ಪತ್ರ: ಅಮೆರಿಕದಲ್ಲಿರುವ ಮಗ 1970ರ ‘ಸ್ಕೂಬಿ ಡೂ’ ಕಾಮಿಕ್ಸ್ ತಂದುಕೊಟ್ಟ. ಅದೇ, ಒಂದು ನಾಯಿಯೂ ನಾಲ್ವರು ಹುಡುಗ ಹುಡುಗಿಯರೂ ಸೇರಿ ದೆವ್ವದ ವೇಷದ ಕಳ್ಳರನ್ನು ಹಿಡಿಯುವ ಕತೆ. ಆಸೆಯಿಂದ ಕೂತು ಓದಿದೆ. ಟಿವಿಯಲ್ಲಿ ನೋಡಿದ ಕತೆಯೇ. ಬಣ್ಣ ಬೇರೆ ಗೆರೆ ದಾಟಿ ಹರಡಿದೆ. ಮೊಮ್ಮಗಳು ಟಿವಿಯಲ್ಲೇ ನೋಡಿಕೊಳ್ಳಲಿ ಬಿಡಿ. ಇಂಥ ಹಳೇ ಪುಸ್ತಕಕ್ಕೆ ಜನ ಈಗ ಯಾಕಿಷ್ಟು ದುಡ್ಡು ಸುರಿಯುತ್ತಾರೆ?
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ನಿಮ್ಮ ದೂರು ಪೂರ್ತಿ ಸುಳ್ಳಲ್ಲ. ಕಾರ್ಟೂನ್ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಶುರುವಾದದ್ದು 1969ರ ಸೆಪ್ಟೆಂಬರ್ 13ರಂದು. ಗೋಲ್ಡ್ ಕೀ ಕಂಪನಿಯ ಮೊದಲ ಕಾಮಿಕ್ಸ್ ಸಂಚಿಕೆಯ ಮೇಲೆ 1970ರ ಮಾರ್ಚ್ ಎಂದಿದೆ. ಬೆಲೆ 15 ಸೆಂಟ್. ಅಷ್ಟು ಅವಸರದಲ್ಲಿ ಟಿವಿ ಕಂತುಗಳನ್ನೇ ಪುಟಕ್ಕಿಳಿಸಿದರು. ಅಗ್ಗದ ಕಾಗದ, ಅಗ್ಗದ ಮುದ್ರಣ. ಒಪ್ಪಿದೆ. ನಿಮ್ಮ ಪರ ವಾದ ಇಲ್ಲಿಗೆ ಮುಗಿಯಿತು.

ಆ ಟಿವಿ ಕಾರ್ಟೂನಿನಲ್ಲಿ ನಗುವುದು ಯಾರು ಹೇಳಿ? ಮಗು ಬಾಯಿ ತೆರೆಯುವ ಮೊದಲೇ ರೆಕಾರ್ಡ್ ಮಾಡಿಟ್ಟ ನಗು ಹೊ ಹೊ ಎನ್ನುತ್ತದೆ. ಎರಡನೇ ಸೀಸನ್ನಿನಿಂದ ದೆವ್ವ ಅಟ್ಟಿಸಿಕೊಂಡು ಬರುವಾಗಿನ ಓಡಾಟಕ್ಕೆ ಹಾಡೂ ಸೇರಿತು. ಹಾಡು ಮುಗಿಯಿತು, ಮುಖವಾಡ ಕಳಚಿತು, ಜಾಹೀರಾತು ಬಂತು. ಅನುಮಾನ ಪಡಲಿಕ್ಕೆ ಮಗುವಿಗೆ ಪುರುಸೊತ್ತೆಲ್ಲಿ?

ಮೊದಲ ಕಂತನ್ನೇ ನೋಡಿ. ಕಪ್ಪು ಕವಚದ ಯೋಧ ಮ್ಯೂಸಿಯಂನಲ್ಲಿ ರಾತ್ರಿ ಅಡ್ಡಾಡುತ್ತಾನೆ. ಕೈಗೆ ಸಿಗುವ ಸುಳಿವು ಒಂದು ವಿಚಿತ್ರ ಕನ್ನಡಕ, ಪುರಾತತ್ವದವರು ಹಾಕುವಂಥದ್ದು. ಕೊನೆಗೆ ಕವಚದೊಳಗೆ ಸಿಕ್ಕವನು ಮ್ಯೂಸಿಯಂನ ಕ್ಯೂರೇಟರ್! ಇಂಥ ಕತೆ ಪುಸ್ತಕದಲ್ಲಿದ್ದರೆ ಮಗು ಏನು ಮಾಡುತ್ತದೆ? ಸರ್ರನೆ ಪುಟ ಹಿಂದಕ್ಕೆ ತಿರುಗಿಸುತ್ತದೆ. ‘ಇವನು ಆಗಲೇ ಬಂದಿದ್ದನಲ್ವಾ? ಆಗ ಮುಖ ಹೇಗಿತ್ತು?’ ಎಂದು ಚಿತ್ರದ ಮೇಲೆ ಬೆರಳಿಟ್ಟು ನೋಡುತ್ತದೆ. ಪತ್ತೇದಾರಿ ಎಂದರೆ ಇದು. ಟಿವಿಯಲ್ಲಿ ಆ ಗುಂಪಿನ ಜಾಣೆ ವೆಲ್ಮಾ ಮಾಡುವ ಕೆಲಸವನ್ನು ಇಲ್ಲಿ ನಿಮ್ಮ ಮೊಮ್ಮಗಳೇ ಮಾಡಬೇಕು.

ಒಂದು ಸಂಚಿಕೆ ಓದಿ ತೀರ್ಪು ಕೊಟ್ಟಿರಿ, ಅದೇ ನನಗೆ ಬೇಸರ. ಗೋಲ್ಡ್ ಕೀ ಸಂಚಿಕೆಗಳು 1975ರವರೆಗೆ ಒಟ್ಟು 30 ಬಂದವು. ಆಮೇಲಾಮೇಲೆ ಟಿವಿಯಲ್ಲಿಲ್ಲದ ಹೊಸ ಕತೆಗಳೂ ಬಂದವು. ಮಾರ್ಕ್ ಇವನಿಯರ್ ಬರೆಯತೊಡಗಿದರು. ಡಾನ್ ಸ್ಪೀಗಲ್ ಚಿತ್ರ ಬರೆದರು. ಸ್ಪೀಗಲ್ ಕೌಬಾಯ್ ಸಾಹಸಗಳ ಚಿತ್ರ ಬರೆದು ಕೈ ಪಳಗಿಸಿಕೊಂಡವರು. ಹಾಗಾಗಿ ಅವರ ಹಾಳುಬಂಗಲೆ ನಿಜವಾಗಿಯೂ ಹಾಳುಬಿದ್ದಿರುತ್ತದೆ, ನೆರಳಿಗೆ ತೂಕವಿರುತ್ತದೆ. ಅದರ ನಡುವೆ ಪೆದ್ದು ನಾಯಿ! ಅಂಥದ್ದೊಂದು ಸಿಕ್ಕರೆ ಓದಿ, ಆಮೇಲೆ ಜಗಳಕ್ಕೆ ಬನ್ನಿ.

ಕಾಮಿಕ್ಸ್ ಎಂದರೆ ಮೂಗು ಮುರಿಯುವ ಚಾಳಿ ನಿಮ್ಮೊಬ್ಬರದಲ್ಲ ಬಿಡಿ. ನಮ್ಮ ಮೇಷ್ಟ್ರೊಬ್ಬರು ಹುಡುಗರ ಕೈಯಿಂದ ಇಂದ್ರಜಾಲ ಕಾಮಿಕ್ಸ್ ಕಿತ್ತುಕೊಂಡು, ಹಾಜರಿ ಪುಸ್ತಕದ ಮರೆಯಲ್ಲಿ ತಾವೇ ಓದುತ್ತಿದ್ದರು. ಅಮರ ಚಿತ್ರಕಥೆ ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ, ವಿದೇಶಿ ಕತೆಗಳ ಹತ್ತು ಪುಸ್ತಕಗಳಾಗಿ. ಆ ಹತ್ತು ಪುಸ್ತಕಗಳಿಂದಾಗಿಯೇ ಇಂಗ್ಲಿಷಿನ ‘ಕೃಷ್ಣ’ ಹನ್ನೊಂದನೇ ನಂಬರಿನಿಂದ ಶುರುವಾಯಿತು. ಆ ಹತ್ತನ್ನು ಈಗ ಯಾರ ಮನೆಯಲ್ಲಿ ತೋರಿಸುತ್ತೀರಿ? ಅಮೆರಿಕದವರು 15 ಸೆಂಟಿನದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಾಪಾಡಿದರು. ನಾವು ನಮ್ಮವನ್ನು ಹರಿದು ಕಡಲೆಕಾಯಿ ಕಟ್ಟಿ ಕೊಟ್ಟೆವು. ಈಗ ‘ಮಕ್ಕಳು ಕನ್ನಡ ಓದಲ್ಲ’ ಎಂದು ಭಾಷಣ ಬಿಗಿಯುತ್ತೇವೆ.

ನಿಮ್ಮ ಪುಸ್ತಕವನ್ನು ಮೊಮ್ಮಗಳಿಗೆ ಕೊಡಿ. ಅವಳೂ ಬೇಡ ಎಂದರೆ ನಮ್ಮ ಕಚೇರಿಗೆ ಕಳಿಸಿ. ಅಂಚೆ ಖರ್ಚು ನನ್ನದು.